‘ರಿಂಗ್ ಮಿಸ್ಸಿಂಗ್’ ಅಂತ ನಾನೇ ದೂರು ಕೊಟ್ಟಿದ್ದ ಟೆಲಿಸ್ಕೋಪು, ಆರು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ ಸ್ಟಾರ್. ಕಡಿಮೆಯಾದ ಒಂದೂವರೆ ಸ್ಟಾರಿಗೆ ಕಾರಣ ಸ್ಟ್ಯಾಂಡು, ಮತ್ತೆ ಡಬ್ಬದ ಮೇಲೆ ಅಚ್ಚು ಹಾಕಿರುವ ಒಂದು ಸುಳ್ಳು. ಕನ್ನಡಿ ಚೆನ್ನಾಗಿದೆ. ಕನ್ನಡಿ ಮೇಲೆ ನಾನು ಹೊರಿಸಿದ ಆರೋಪ ಪೂರ್ತಿ ನನ್ನದೇ ತಪ್ಪು, ಆ ಕಥೆ ಕೆಳಗಿದೆ.

ಕೊಂಡಿದ್ದು 2025ರ ದೀಪಾವಳಿ ಆಫರ್‌ನಲ್ಲಿ, ಆನ್‌ಲೈನಲ್ಲಿ. ಹದಿನೈದು ಸಾವಿರದ ಮೇಲೆ ಚಿಲ್ಲರೆ. 114 ಮಿ.ಮೀ. ಅಗಲದ ಕನ್ನಡಿ, 900 ಮಿ.ಮೀ. ಫೋಕಲ್ ಲೆಂತ್ (ಕನ್ನಡಿಯಿಂದ ಬೆಳಕು ಒಂದು ಕಡೆ ಕೂಡುವ ದೂರ), ಮೂರು ಐಪೀಸು (ಕಣ್ಣಿಟ್ಟು ನೋಡುವ ಲೆನ್ಸು), ಅದನ್ನು ಇನ್ನಷ್ಟು ಹಿಗ್ಗಿಸುವ ಒಂದು ಬಾರ್ಲೋ ಲೆನ್ಸು. ಎಂಟನೇ ಕ್ಲಾಸಿನ ಮಗಳಿಗೆ ಅಂತ ತರಿಸಿದ್ದು, ಅಥವಾ ಮನೇಲಿ ಹಾಗೆ ಹೇಳಿದ್ದೇನೆ. ಕಂಪನಿ ಹೆಸರು ಬೇಡ. ಇದೇ ಅಳತೆಯ ಟೆಲಿಸ್ಕೋಪು ನಾಲ್ಕೈದು ಹೆಸರಲ್ಲಿ ಸಿಗುತ್ತದೆ, ಹೆಚ್ಚೂಕಡಿಮೆ ಎಲ್ಲಾ ಒಂದೇ.

ಡಬ್ಬದ ಮೇಲೆ ‘675 ಪಟ್ಟು’ ಅಂತ ದಪ್ಪ ಅಕ್ಷರದಲ್ಲಿದೆ. 900ನ್ನು ಐಪೀಸಿನ 4 ಮಿ.ಮೀ.ನಿಂದ ಭಾಗಿಸಿ, ಬಾರ್ಲೋದ 3ರಿಂದ ಗುಣಿಸಿದರೆ 675 ಬರುತ್ತದೆ, ನಿಜ. ಲೆಕ್ಕ ಸರಿ, ಮಾತು ಸುಳ್ಳು. ಇಷ್ಟು ಅಗಲದ ಕನ್ನಡಿಯಲ್ಲಿ 220 ಪಟ್ಟು ದಾಟಿದರೆ ಚಂದ್ರನೂ ರಾಗಿ ಅಂಬಲಿ ಥರ ಕಾಣುತ್ತಾನೆ. 25 ಮಿ.ಮೀ. ಐಪೀಸು ಹಾಕಿದರೆ 36 ಪಟ್ಟು, 10 ಮಿ.ಮೀ. ಹಾಕಿದರೆ 90 ಪಟ್ಟು. ಆರು ತಿಂಗಳಲ್ಲಿ ನಾನು ಬಳಸಿದ್ದು ಇವೆರಡೇ. ಮಿಕ್ಕಿದ್ದು ಡಬ್ಬದಲ್ಲೇ ಇದೆ.

ಟೆಲಿಸ್ಕೋಪಿನ ಜೊತೆ ಮೋಡ ಉಚಿತ ಅಂತ ಬಲ್ಲವರು ಹೇಳುತ್ತಾರೆ. ಪಾರ್ಸೆಲ್ ಬಂದ ದಿನದಿಂದ ಮೂರು ವಾರ ಮೈಸೂರಲ್ಲಿ ಒಂದು ರಾತ್ರಿಯೂ ಆಕಾಶ ಬಿಡಲಿಲ್ಲ. ಆ ಮೂರು ವಾರ ಸ್ಟ್ಯಾಂಡಿನ ಜೊತೆ ಗುದ್ದಾಡಿದ್ದೇ ಆಯಿತು. ಇದು ಸುಮ್ನೆ ಮೂರು ಕಾಲಿನ ಸ್ಟ್ಯಾಂಡಲ್ಲ, ಈಕ್ವಟೋರಿಯಲ್ ಮೌಂಟು. ಇದರ ಅಚ್ಚನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿಟ್ಟರೆ ಭೂಮಿ ತಿರುಗಿದಂತೆಲ್ಲ ಒಂದೇ ಹಿಡಿಕೆ ತಿರುಗಿಸುತ್ತಾ ನಕ್ಷತ್ರದ ಹಿಂದೆ ಹೋಗಬಹುದು. ಆದರೆ ಅಚ್ಚನ್ನು ಎಷ್ಟು ಓರೆ ಮಾಡಬೇಕು ಅನ್ನುವುದು ಊರಿನ ಮೇಲೆ ಇರುತ್ತದೆ. ಲಂಡನ್ನಿಗೆ 51 ಡಿಗ್ರಿ, ಮೈಸೂರಿಗೆ 12 ಡಿಗ್ರಿ ಚಿಲ್ಲರೆ. ಅಷ್ಟು ಕೆಳಕ್ಕೆ ಇದು ಬಗ್ಗುವುದೇ ಇಲ್ಲ, ಹಿಂದಿನ ಬೋಲ್ಟು ಅಡ್ಡ ಬರುತ್ತದೆ. ಬಲವಂತ ಮಾಡಿದರೆ ತೂಕದ ಗುಂಡು ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತದೆ.

ನಮ್ಮ ಮಾವ ಮಂಡ್ಯ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅರ್ಧ ಗಂಟೆ ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. "ಇದು ನಮ್ ದೇಸಕ್ಕೆ ಅಂತ ಮಾಡಿದ್ದಲ್ಲ ಕಣವ್ವ" ಅಂದರು. ಬೋಲ್ಟು ಬಿಚ್ಚಿ, ವೈಸಿಗೆ ಕಚ್ಚಿಸಿ, ಗರಗಸದಲ್ಲಿ ಅರ್ಧ ಇಂಚು ಕೊಯ್ದು, ಅರ ಹಾಕಿ ಉಜ್ಜಿ ಮತ್ತೆ ಕೂರಿಸಿದರು. ಬಗ್ಗಿತು. ಮನೇಲಿ ಫಿಟ್ಟರ್ ಇಲ್ಲದವರು ಈ ಮೌಂಟ್ ತಗೋಬೇಡಿ, ಇದು ನನ್ನ ಮೊದಲ ಬುದ್ಧಿಮಾತು. ಇಷ್ಟೆಲ್ಲ ಮಾಡಿದ ಮೇಲೂ ಧ್ರುವ ನಕ್ಷತ್ರ ನಮಗೆ ಕಾಣಲ್ಲ. ಮೈಸೂರಲ್ಲಿ ಅದು ಎಷ್ಟು ತಗ್ಗಿನಲ್ಲಿದೆ ಅಂದರೆ ಎದುರು ಮನೆಯವರ ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತಿದೆ. ಟ್ಯಾಂಕನ್ನೇ ಧ್ರುವ ಅಂತ ಇಟ್ಟುಕೊಂಡಿದ್ದೇವೆ, ಕೆಲಸ ನಡೆಯುತ್ತಿದೆ.

ಈಗ ದೂರಿನ ಕಥೆ.

ನವೆಂಬರ್ ಮೂರನೇ ವಾರ ಆಕಾಶ ಬಿಟ್ಟಿತು. ಕುವೆಂಪುನಗರದ ನಮ್ಮ ತಾರಸಿ ಮೇಲೆ ಎಂಟು ಗಂಟೆಗೆ ಶನಿ ಹೆಚ್ಚುಕಡಿಮೆ ನೆತ್ತಿ ಮೇಲಿದ್ದ. ಎಲ್ಲರೂ ಕಾಯುತ್ತಿದ್ದುದೇ ಅವನಿಗೆ, ಅವನ ಬಳೆಗೆ. ಪುಸ್ತಕದಲ್ಲಿ ಉಂಗುರ ಅಂತಲೂ ಬರೀತಾರೆ, ನಮ್ಮ ಮನೇಲಿ ಬಳೆ. 90 ಪಟ್ಟಿಗೆ ಹಾಕಿ, ಉಸಿರು ಹಿಡಿದು ನೋಡಿದೆ. ಒಂದು ಮಂಕು ಹಳದಿ ಗುಂಡು. ಗುಂಡಿಗೆ ಅಡ್ಡಲಾಗಿ ಸೂಜಿ ಚುಚ್ಚಿದ ಹಾಗೆ ಇದೆಯೋ ಇಲ್ಲವೋ ಅನ್ನುವಂಥ ಒಂದು ಗೀಟು. ಬಳೆ ಇಲ್ಲ. ಮಗಳು ನೋಡಿದಳು, "ಅಮ್ಮಾ, ಯೂಟ್ಯೂಬಲ್ಲಿ ಹೀಗಿಲ್ಲ" ಅಂದಳು. ಹದಿನೈದು ಸಾವಿರ ನೀರಿಗೆ ಹೋಯಿತು ಅಂದುಕೊಂಡೆ. ಆ ಸಿಟ್ಟಲ್ಲೇ ಕೆಳಗಿಳಿದು ಬಂದು ಕಸ್ಟಮರ್ ಕೇರಿಗೆ ‘ಸ್ಯಾಟರ್ನ್ ವ್ಯೂ ನಾಟ್ ಪ್ರಾಪರ್, ರಿಂಗ್ ಮಿಸ್ಸಿಂಗ್’ ಅಂತ ಇಂಗ್ಲಿಷಲ್ಲಿ ದೂರು ಹಾಕಿದೆ.

ಹತ್ತು ದಿನಕ್ಕೆ ಕೊರಿಯರ್ ಬಂತು. ಬಿಚ್ಚಿ ನೋಡಿದರೆ ಒಂದು ಕಬ್ಬಿಣದ ರಿಂಗು! ಟೆಲಿಸ್ಕೋಪಿನ ಕೊಳವೆಯನ್ನು ಮೌಂಟಿಗೆ ಬಿಗಿಯುತ್ತಾರಲ್ಲ, ಆ ರಿಂಗು. ಸ್ಕ್ರೂ ಸಮೇತ, ಉಚಿತ, ಜೊತೆಗೆ ಕ್ಷಮೆ ಕೇಳಿದ ಚೀಟಿ. ಸರ್ವಿಸಿಗೆ ನಾನು ಅರ್ಧ ಸ್ಟಾರ್ ಜಾಸ್ತಿ ಕೊಟ್ಟಿದ್ದು ಇದಕ್ಕೇ.

ಅಷ್ಟರಲ್ಲಿ ನನಗೆ ವಿಷಯ ಗೊತ್ತಾಗಿತ್ತು. ಬಳೆ ಎಲ್ಲೂ ಹೋಗಿರಲಿಲ್ಲ, ಅಂಚನ್ನು ನಮ್ಮ ಕಡೆ ತಿರುಗಿಸಿಕೊಂಡಿತ್ತು. ಶನಿಯ ಬಳೆಯ ಅಗಲ ಎರಡೂ ಮುಕ್ಕಾಲು ಲಕ್ಷ ಕಿಲೋಮೀಟರ್, ದಪ್ಪ ಮಾತ್ರ ಬಹುಪಾಲು ಕಡೆ ಬರೀ ಹತ್ತಾರು ಮೀಟರ್. ಅಂಚು ನಮ್ಮ ಕಡೆ ತಿರುಗಿದರೆ ಕಾಣುವುದಾದರೂ ಹೇಗೆ? ಸುಮಾರು 15 ವರ್ಷಕ್ಕೊಮ್ಮೆ ಹೀಗಾಗುತ್ತದೆ. ಹಿಂದೆ 2009ರಲ್ಲಿ ಆಗಿತ್ತು, ಆಮೇಲೆ 2025ರಲ್ಲಿ, ಇನ್ನು ಮುಂದೆ 2038ಕ್ಕೆ. ಎರಡು ಏಳೂವರೆ ಶನಿಗೆ ಒಂದು ಸಲ ಅಂತ ಲೆಕ್ಕ ಇಟ್ಟುಕೊಳ್ಳಿ, ಮರೆಯಲ್ಲ. ಇಂಥಾ ವರ್ಷ ನೋಡಿ ನಾನು ಟೆಲಿಸ್ಕೋಪು ಕೊಂಡಿದ್ದೆ.

ಹೀಗೆ ಪೆಚ್ಚಾದವಳು ನಾನೊಬ್ಬಳೇ ಅಲ್ಲ ಅನ್ನುವುದು ಸಮಾಧಾನ. ಗೆಲಿಲಿಯೊ 1610ರಲ್ಲಿ ಶನಿಯನ್ನು ಮೊದಲು ನೋಡಿದಾಗ ಅವನ ಟೆಲಿಸ್ಕೋಪು ಹಿಗ್ಗಿಸುತ್ತಿದ್ದುದು 20 ಪಟ್ಟಿನ ಆಸುಪಾಸು. ನನ್ನದಕ್ಕಿಂತ ಎಷ್ಟೋ ಕಡಿಮೆ. ಅವನಿಗೆ ಬಳೆ ಬಳೆಯಾಗಿ ಕಾಣಲಿಲ್ಲ, ಗುಂಡಿನ ಎರಡೂ ಪಕ್ಕ ಎರಡು ಚಿಕ್ಕ ಗುಂಡು ಅಂಟಿದ ಹಾಗಿತ್ತು. ಶನಿ ಒಂದಲ್ಲ ಮೂರು ಅಂದುಕೊಂಡ. 1612ರಲ್ಲಿ ಮತ್ತೆ ನೋಡಿದರೆ ಪಕ್ಕದ ಎರಡೂ ಮಾಯ! ಶನಿ ತನ್ನ ಮಕ್ಕಳನ್ನೇ ನುಂಗಿಬಿಟ್ಟನೇ ಅಂತ ಕಾಗದದಲ್ಲಿ ಬರೆದುಕೊಂಡಿದ್ದಾನೆ. ಅವರ ಪುರಾಣದ ಶನಿ ಮಕ್ಕಳನ್ನು ತಿನ್ನುವವನು, ನಮ್ಮವನು ಅಷ್ಟು ಕೆಟ್ಟವನಲ್ಲ. ಪಾಪ, ಗೆಲಿಲಿಯೊಗೆ ಕಸ್ಟಮರ್ ಕೇರ್ ಇರಲಿಲ್ಲ.

ಇದನ್ನು ಮಾವನಿಗೆ ಹೇಳುವಾಗ ಇನ್ನೊಂದು ವಿಷಯವೂ ಹೇಳಿದೆ. 1610ರಲ್ಲಿ ಗೆಲಿಲಿಯೊ ತಾನು ಕಂಡಿದ್ದನ್ನು ನೇರವಾಗಿ ಬರೆಯಲಿಲ್ಲ. ಬೇರೆ ಯಾರೂ ಕದಿಯಬಾರದು ಅಂತ ಅಕ್ಷರಗಳನ್ನೆಲ್ಲ ಕಲಸಿ ಒಗಟು ಮಾಡಿ ಕಳಿಸಿದ. ಖಗೋಳ ವಿಜ್ಞಾನಿ ಕೆಪ್ಲರ್ ಅದನ್ನು ಬಿಡಿಸಲು ಕೂತು, ತಪ್ಪಾಗಿ ಬಿಡಿಸಿ, ಮಂಗಳ ಗ್ರಹಕ್ಕೆ ಎರಡು ಚಂದ್ರ ಇವೆ ಅಂತ ಅರ್ಥ ಮಾಡಿಕೊಂಡ. ತಮಾಷೆ ಅಂದರೆ ಮಂಗಳಕ್ಕೆ ನಿಜವಾಗಿಯೂ ಎರಡೇ ಚಂದ್ರ, ಅದು ಗೊತ್ತಾಗಿದ್ದು 1877ರಲ್ಲಿ.

ಮಾವ ನಗಲಿಲ್ಲ. ಅವರಿಗೆ ಸಿಟ್ಟೇ ಬಂತು. "ನಮ್ ಫ್ಯಾಕ್ಟ್ರೀಲಿ ಮೂರು ಪಾಳಿ ಕಣವ್ವ. ಪಾಳಿ ಮುಗಿಸಿ ಹೊರಡೋ ಮುಂಚೆ ಲಾಗ್ ಬುಕ್ಕಲ್ಲಿ ಬರೀಬೇಕು. ಮೂರ್ನೇ ಮಿಲ್ ಬೇರಿಂಗ್ ಬಿಸಿಯಾಗ್ತಾ ಅದೆ, ಎಣ್ಣೆ ಬುಟ್ಟಿವ್ನಿ, ನೋಡ್ಕೊ ಅಂತ. ಅದ್ನ ಒಗಟಲ್ಲಿ ಬರುದ್ರೆ ಮುಂದ್ಲ ಪಾಳಿಯೋನ ಗತಿ ಏನು?"

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಬಳೆಯ ಕಥೆ ಪೂರ್ತಿ ಪಾಳಿಯ ಕಥೆಯೇ. ಗೆಲಿಲಿಯೊಗೆ ಕಂಡು ಅರ್ಥವಾಗದೆ ಉಳಿದದ್ದನ್ನು ಇದು ಗ್ರಹಕ್ಕೆ ಎಲ್ಲೂ ತಾಗದ ತೆಳ್ಳಗಿನ ಬಳೆ ಅಂತ ಬಿಡಿಸಿ ಹೇಳಿದವನು ಹೈಗೆನ್ಸ್, 1659ರಲ್ಲಿ. ಅಂದರೆ 49 ವರ್ಷ. (ಅವನೂ ಮೊದಲು ಒಗಟಲ್ಲೇ ಬರೆದು ಮೂರು ವರ್ಷ ಸತಾಯಿಸಿದ, ಮಾವನಿಗೆ ಇದನ್ನು ಹೇಳಿಲ್ಲ.) ಆ ಬಳೆ ಗಟ್ಟಿ ತಟ್ಟೆಯಾಗಿರಲು ಸಾಧ್ಯವೇ ಇಲ್ಲ, ಲೆಕ್ಕವಿಲ್ಲದಷ್ಟು ಚೂರುಗಳು ತಮ್ಮ ಪಾಡಿಗೆ ಸುತ್ತುತ್ತಿರಬೇಕು ಅಂತ ಗಣಿತದಲ್ಲಿ ತೋರಿಸಿದವನು ಮ್ಯಾಕ್ಸ್‌ವೆಲ್, ಅವನ ಪ್ರಬಂಧ ಅಚ್ಚಾಗಿದ್ದು 1859ರಲ್ಲಿ. ಸರಿಯಾಗಿ ಇನ್ನೂರು ವರ್ಷ. ಒಳಗಿನ ಚೂರು ಬೇಗ, ಹೊರಗಿನದು ನಿಧಾನ ಅಂತ ಬೆಳಕನ್ನು ಬಿಡಿಸಿ ನೋಡಿ ಕೀಲರ್ ಸಾಬೀತು ಮಾಡಿದ್ದು 1895ರಲ್ಲಿ. ವಾಯೇಜರ್ 1 ನೌಕೆ ಹತ್ತಿರ ಹೋಗಿ ಫೋಟೊ ತೆಗೆದದ್ದು 1980ರ ನವೆಂಬರಲ್ಲಿ. ಕ್ಯಾಸಿನಿ ನೌಕೆ 2004ರಿಂದ ಹದಿಮೂರು ವರ್ಷ ಅಲ್ಲೇ ಸುತ್ತಿ, ಕೊನೆಗೆ ಬಳೆಗೂ ಗ್ರಹಕ್ಕೂ ನಡುವಿನ ಸಂದಿಯಲ್ಲಿ ನುಗ್ಗಿ ಬಂದು, 2017ರ ಸೆಪ್ಟೆಂಬರಲ್ಲಿ ಶನಿಯೊಳಗೇ ಬಿದ್ದು ಉರಿದುಹೋಯಿತು. ಇಷ್ಟಾದರೂ ಬಳೆಯ ವಯಸ್ಸು ಎಷ್ಟು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನಾಲ್ಕು ಶತಮಾನ, ಒಂದು ಬಳೆ!

ನಾನು ದಿನಾ ಮೈಸೂರಿಂದ ಮಂಡ್ಯಕ್ಕೆ ಬೆಳಗಿನ ರೈಲಲ್ಲಿ ಹೋಗುವವಳು, ಬ್ಯಾಂಕಿನ ಕೆಲಸ. ನಮ್ಮ ಬೋಗಿಯಲ್ಲಿ ಒಂದು ಖಾಯಂ ಗುಂಪಿದೆ. ಅದರಲ್ಲಿ ಒಬ್ಬರಿಗೆ ಎಐ ಹುಚ್ಚು. ಇನ್ನು ಹತ್ತು ವರ್ಷದಲ್ಲಿ ವಿಜ್ಞಾನವೆಲ್ಲ ಮುಗಿದುಹೋಗುತ್ತೆ, ಎಲ್ಲಾ ಕಾಯಿಲೆಗೂ ಮದ್ದು ಸಿಗುತ್ತೆ ಅನ್ನುತ್ತಾರೆ. ಇನ್ನೊಬ್ಬರು ಹೈಸ್ಕೂಲು ಮೇಷ್ಟ್ರು. ದೊಡ್ಡದನ್ನೆಲ್ಲ ಹಳಬರೇ ಕಂಡುಹಿಡಿದು ಹೋದರು, ಈಗಿನವರು ಫೋನಿನ ಕ್ಯಾಮೆರಾ ಎಣಿಸುತ್ತಿದ್ದಾರೆ ಅನ್ನುತ್ತಾರೆ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಜಗಳ ಶುರುವಾದರೆ ಮಂಡ್ಯ ಬಂದರೂ ಮುಗಿಯಲ್ಲ.

ಇಬ್ಬರೂ ಅರ್ಧ ಸರಿ ಅಂತ ನನಗೆ ಅನಿಸುತ್ತದೆ. ಮೇಷ್ಟ್ರ ಮಾತಲ್ಲಿ ಹುರುಳಿದೆ, ಕೈಗೆಟುಕುವ ಸೀಬೆಹಣ್ಣನ್ನು ಹಳಬರು ಕಿತ್ತುಕೊಂಡಾಗಿದೆ. ಗೆಲಿಲಿಯೊಗೆ ಸಾಕಾಗಿದ್ದು ತಾನೇ ಉಜ್ಜಿಕೊಂಡ ಗಾಜು. ಗುರುತ್ವದ ಅಲೆ ಇರಬೇಕು ಅಂತ ಐನ್‌ಸ್ಟೈನ್ 1916ರಲ್ಲಿ ಬರೆದದ್ದನ್ನು ಹಿಡಿಯಲು 2015ರವರೆಗೆ ಕಾಯಬೇಕಾಯಿತು, ಅದಕ್ಕೆ ನಾಲ್ಕು ಕಿಲೋಮೀಟರ್ ಉದ್ದದ ಕೊಳವೆ ಬೇಕಾಯಿತು, ಸಾವಿರಕ್ಕೂ ಮೇಲೆ ಜನ ಬೇಕಾಯಿತು. ಆದರೆ ಎಐ ಮಿತ್ರರನ್ನೂ ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ರಕ್ತದ ಹಿಮೋಗ್ಲೋಬಿನ್ ಅನ್ನುವ ಒಂದೇ ಒಂದು ಪ್ರೋಟೀನಿನ ಆಕಾರ ಕಂಡುಹಿಡಿಯಲು ಪೆರುಟ್ಜ್ ಅನ್ನುವವರು 1937ರಲ್ಲಿ ಕೂತವರು, 1959ರಲ್ಲಿ ಎದ್ದರು. 2022ರ ಹೊತ್ತಿಗೆ ಆಲ್ಫಾಫೋಲ್ಡ್ ಅನ್ನುವ ಎಐ 20 ಕೋಟಿ ಪ್ರೋಟೀನುಗಳ ಆಕಾರ ಹೀಗಿರಬಹುದು ಅಂತ ಹೇಳಿ ಮುಂದಿಟ್ಟಿತು. ಅದನ್ನು ಮಾಡಿದವರಿಗೆ 2024ರಲ್ಲಿ ನೊಬೆಲ್ ಕೂಡ ಬಂತು.

ಇದನ್ನು ಕೇಳಿ ಎಐ ಮಿತ್ರರು ಗೆದ್ದೆ ಅಂದರು. ಆ ಎಐ ಕಲಿತದ್ದು ಯಾವುದನ್ನು ನೋಡಿ ಅಂತ ಕೇಳಿದೆ. 1971ರಿಂದ ಜಗತ್ತಿನ ಲ್ಯಾಬುಗಳೆಲ್ಲ ತಾವು ಕಂಡುಹಿಡಿದ ಪ್ರೋಟೀನಿನ ಆಕಾರವನ್ನು ಒಂದೇ ಕಡೆ, ಯಾರು ಬೇಕಾದರೂ ನೋಡುವ ಹಾಗೆ ಬರೆದಿಡುತ್ತಾ ಬಂದಿವೆ. ಅಂಥವು ಒಂದೂವರೆ ಲಕ್ಷಕ್ಕೂ ಮೇಲೆ. ಒಂದೊಂದರ ಹಿಂದೆಯೂ ಯಾರದೋ ತಿಂಗಳುಗಟ್ಟಲೆ, ವರ್ಷಗಟ್ಟಲೆ ರಾತ್ರಿ ನಿದ್ದೆ ಇದೆ. ಮಾವ ಹೇಳಿದ ಲಾಗ್ ಬುಕ್ಕೇ ಅದು. ಐವತ್ತು ವರ್ಷ ನೆಟ್ಟಗೆ ಬರೆದಿಟ್ಟದ್ದಕ್ಕೆ ಎರಡು ವರ್ಷದಲ್ಲಿ ಓಟ ಬಂತು. ವೇಗ ಅಂತ ನಾವು ಬಾಯಿ ಬಿಟ್ಟು ನೋಡುವುದು ಆ ಕೊನೆಯ ಎರಡು ವರ್ಷವನ್ನು ಮಾತ್ರ. ನನಗೆ ನಿಜವಾಗಿ ಭಯ ಇರುವುದು ಕಂಡುಹಿಡಿಯುವುದು ನಿಧಾನವಾಗುತ್ತೆ ಅಂತ ಅಲ್ಲ, ಬರೆದಿಡುವುದು ನಿಲ್ಲುತ್ತೆ ಅಂತ. ಈಗಿನ ಕಂಪನಿಗಳು ಮತ್ತೆ ಗೆಲಿಲಿಯೊ ಥರ ಒಗಟಲ್ಲಿ ಬರೆಯಲು ಶುರು ಮಾಡಿದರೆ? ಬರೆದಿಟ್ಟರಷ್ಟೇ ಸಾಲದು, ಮುಂದಿನವರಿಗೆ ತೆರೆದು ನೋಡಲೂ ಬರಬೇಕು. ನಮ್ಮ ಮನೆಯದೇ ಕಥೆ ತಗೊಳ್ಳಿ. ಮಗಳ ನಾಮಕರಣದ ಫೋಟೊ ಇರುವ ಹಾರ್ಡ್ ಡಿಸ್ಕು ಈಗ ತೆರೆಯುತ್ತಿಲ್ಲ. ಮಾವನ ಮದುವೆಯ ಕಪ್ಪುಬಿಳುಪು ಫೋಟೊ ಗೋಡೆ ಮೇಲೆ ಆರಾಮಾಗಿದೆ.

ಸರಿ, ವಿಮರ್ಶೆಗೆ ಬರುತ್ತೇನೆ. ಈ ಟೆಲಿಸ್ಕೋಪಿಗೆ ನಿಜವಾದ ಪರೀಕ್ಷೆ ಆಗಿದ್ದು ಮೈಸೂರಲ್ಲಲ್ಲ, ಊರಲ್ಲಿ. ನಮ್ಮ ಬೀದಿಯಲ್ಲಿ ಹೊಸದಾಗಿ ಹಾಕಿದ ಎಲ್‌ಇಡಿ ದೀಪ ಎಷ್ಟು ಚೆನ್ನಾಗಿದೆ ಅಂದರೆ ತಾರಸಿ ಮೇಲೆ ಪೇಪರ್ ಓದಬಹುದು. ಚಂದ್ರ, ಗುರು, ಶನಿ ಬಿಟ್ಟು ಬೇರೇನೂ ನೆಟ್ಟಗೆ ಕಾಣಲ್ಲ. ಹಾಗಾಗಿ ಸಂಕ್ರಾಂತಿಗೆ ಪಾಂಡವಪುರದ ಹತ್ತಿರ ನಮ್ಮೂರಿಗೆ ಹೋಗುವಾಗ ಕಾರಿನ ಹಿಂದಿನ ಸೀಟಲ್ಲಿ ಕೊಳವೆಯನ್ನು ಮಲಗಿಸಿಕೊಂಡು ಹೋದೆವು. ಅಮಾವಾಸ್ಯೆಗೆ ಮೂರೇ ದಿನ. ದನಗಳಿಗೆ ಕಿಚ್ಚು ಹಾಯಿಸಿದ ಹೊಗೆ ಇಳಿಯಲಿ ಅಂತ ಒಂಬತ್ತರವರೆಗೆ ಕಾದು, ಆಮೇಲೆ ಕಬ್ಬಿನ ಗದ್ದೆ ಪಕ್ಕದ ಕಣದಲ್ಲಿ ಇಟ್ಟೆವು. ಆಲೆಮನೆಯ ಬೆಲ್ಲದ ವಾಸನೆ, ಚಳಿ, ಸುತ್ತ ಮೂವತ್ತು ಜನ.

ಗುರು ಗ್ರಹ ಆ ವಾರ ಇಡೀ ವರ್ಷದಲ್ಲೇ ಭೂಮಿಗೆ ಹತ್ತಿರ ಇದ್ದ. 36 ಪಟ್ಟಲ್ಲೇ ನಾಲ್ಕು ಚಂದ್ರ ಸಾಲಾಗಿ ಕಂಡವು, 90ಕ್ಕೆ ಹಾಕಿದರೆ ಹೊಟ್ಟೆ ಮೇಲೆ ಎರಡು ಪಟ್ಟೆ. ಇದಕ್ಕೆ ಪೂರ್ತಿ ಮಾರ್ಕ್ಸು. ಒರೈಯನ್ ನೀಹಾರಿಕೆ ಹೊಗೆಯ ರೆಕ್ಕೆ ಥರ ಹರಡಿಕೊಂಡಿತ್ತು, ಫೋಟೊದ ಬಣ್ಣ ಮಾತ್ರ ಇರಲ್ಲ, ಬೂದಿ ಬಣ್ಣ ಅಷ್ಟೆ. ಬಣ್ಣ ಬೇಕು ಅನ್ನುವವರು ಮೊದಲೇ ತಿಳಿದಿರಿ. ಸ್ಟ್ಯಾಂಡಿನ ಬಂಡವಾಳ ಬಯಲಾಗಿದ್ದೂ ಅಲ್ಲೇ. ಒಬ್ಬರು ಕಣ್ಣಿಟ್ಟರೆ ಮೂರು ಸೆಕೆಂಡು ನಡುಗುತ್ತದೆ, ಇನ್ನೊಬ್ಬರು ಬರುವಷ್ಟರಲ್ಲಿ ಗ್ರಹ ಜಾರಿಹೋಗಿರುತ್ತದೆ. "ಏನೂ ಕಾಣಕ್ಕಿಲ್ವಲ್ಲಕ್ಕ, ಬರೀ ಕತ್ತಲು" ಅಂತ ಸಾಲಿನ ಅರ್ಧ ಜನ. ಮಾವ ಒಳಗೆ ಹೋಗಿ ಹತ್ತು ಸೇರು ರಾಗಿ ಇರುವ ಚೀಲ ತಂದು ಸ್ಟ್ಯಾಂಡಿನ ನಡುವೆ ನೇತು ಹಾಕಿದರು. ನಡುಕ ಮುಕ್ಕಾಲು ಪಾಲು ನಿಂತಿತು. ಕಂಪನಿಯವರು ಇದನ್ನು ಪುಸ್ತಕದಲ್ಲಿ ಬರೆದುಕೊಳ್ಳಬಹುದು.

ಅವತ್ತು ರಾತ್ರಿ ಜನ ಹೋದ ಮೇಲೆ ಮಗಳು ತಾತನಿಗೆ ವಾಯೇಜರ್ ಕಥೆ ಹೇಳಿದಳು. ಶನಿಯ ಬಳೆಯ ಫೋಟೊ ತೆಗೆದ ಅದೇ ನೌಕೆ ಈಗ ಸುಮಾರು 2,500 ಕೋಟಿ ಕಿಲೋಮೀಟರ್ ಆಚೆ ಹೋಗುತ್ತಾ ಇದೆ. ಅದರಲ್ಲಿ ಚಿನ್ನದ ಲೇಪ ಹಾಕಿದ ತಾಮ್ರದ ಒಂದು ಗ್ರಾಮಾಫೋನ್ ತಟ್ಟೆ ಇದೆ, 55 ಭಾಷೆಯಲ್ಲಿ ನಮಸ್ಕಾರ ಹೇಳಿದ್ದಾರೆ, ಅದರಲ್ಲಿ ಕನ್ನಡವೂ ಇದೆ. ‘ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು’ ಅಂತ. ಇನ್ನೊಂದು ನಕ್ಷತ್ರದ ಹತ್ತಿರ ಅನ್ನಬಹುದಾದಷ್ಟು ದೂರಕ್ಕೆ ಹೋಗಲು ಅದಕ್ಕೆ 40 ಸಾವಿರ ವರ್ಷ ಬೇಕು. ತಟ್ಟೆ ಮಾತ್ರ ನೂರು ಕೋಟಿ ವರ್ಷ ಹಾಳಾಗದೆ ಇರಬಹುದು.

"ನೂರು ಕೋಟಿ ವರ್ಷಕ್ಕೆ ಕಾವೇರೀಲಿ ನೀರಿರ್ತದಾ?" ಅಂತ ಮಾವ ಕೇಳಿದರು. ಮಂಡ್ಯದವರ ಮೊದಲ ಪ್ರಶ್ನೆ ಅದೇ ತಾನೇ. ಇರಲ್ಲ. ಸೂರ್ಯ ನಿಧಾನಕ್ಕೆ ಕಾವೇರುತ್ತಾ ಹೋಗುತ್ತಾನೆ, ಇನ್ನೊಂದು ನೂರು ಕೋಟಿ ವರ್ಷದ ಹೊತ್ತಿಗೆ ಸಮುದ್ರವೇ ಆವಿಯಾಗಿ ಹೋಗುತ್ತದೆ ಅಂತ ಲೆಕ್ಕ. ಸೂರ್ಯನ ಆಯಸ್ಸು ಇನ್ನೂ ಸುಮಾರು 500 ಕೋಟಿ ವರ್ಷ ಇದ್ದರೂ ನಮಗೆ ಅಷ್ಟು ಟೈಮಿಲ್ಲ. ಶನಿಯ ಬಳೆಗೂ ಅಷ್ಟೇ. ಅದರ ಚೂರುಗಳು ಮಳೆ ಥರ ಶನಿಗೇ ಸುರಿಯುತ್ತಿವೆ, ಹೀಗೇ ಆದರೆ 30 ಕೋಟಿ ವರ್ಷದೊಳಗೆ ಬಳೆಯೇ ಇರಲ್ಲ ಅಂತ 2018ರಲ್ಲಿ ನಾಸಾದವರು ಹೇಳಿದ್ದಾರೆ. ಆಗ ರಿಂಗ್ ಮಿಸ್ಸಿಂಗ್ ಅಂತ ದೂರು ಕೊಟ್ಟರೆ ನ್ಯಾಯ. ಆದರೆ ಮನುಷ್ಯ ಅನ್ನುವವನು ಹುಟ್ಟಿಯೇ ಆಗಿರುವುದು ಬರೀ 3 ಲಕ್ಷ ವರ್ಷ, 30 ಕೋಟಿ ಅಂದರೆ ಅದರ ಸಾವಿರ ಪಟ್ಟು. ಡೈನೋಸಾರುಗಳಿಗೆ 6.6 ಕೋಟಿ ವರ್ಷದ ಹಿಂದೆ ಮೇಲಿಂದ ಬಂದದ್ದು ಏನು ಅಂತಲೇ ಗೊತ್ತಿರಲಿಲ್ಲ. ನಾವು 2022ರ ಸೆಪ್ಟೆಂಬರಲ್ಲಿ ಬೇಕಂತಲೇ ಒಂದು ನೌಕೆಯನ್ನು ಪುಟ್ಟ ಕ್ಷುದ್ರಗ್ರಹಕ್ಕೆ ಗುದ್ದಿಸಿ, ಅದು ತನ್ನ ಜೊತೆಯ ದೊಡ್ಡ ಕ್ಷುದ್ರಗ್ರಹವನ್ನು ಸುತ್ತುವ ಹೊತ್ತನ್ನು ಅರ್ಧ ಗಂಟೆಗೂ ಮೇಲೆ ಕಡಿಮೆ ಮಾಡಿದ್ದೇವೆ.

ಮಾವ ಇದನ್ನೆಲ್ಲ ಕೇಳಿ ಬೀಡಿ ಆರಿಸಿದರು. "ಹಂಗಾರೆ ಕಾವೇರಿ ಬತ್ತುದ್ರೂವೆ ಕನ್ನಡ ಇರ್ತದೆ ಅನ್ನು" ಅಂದರು.

ಕೊಳ್ಳುವವರಿಗೆ ಎರಡು ಮಾತು. ಒಂದು, ನಮ್ಮ ಡಬ್ಬದಲ್ಲಿ ಐಪೀಸಿಗೆ ತಿರುಗಿಸಿ ಹಾಕುವ ಒಂದು ಪುಟ್ಟ ಕಪ್ಪು ಗಾಜು ಬಂದಿತ್ತು, ಸೂರ್ಯನನ್ನು ನೋಡಲು ಅಂತ. ಅದನ್ನು ದಯವಿಟ್ಟು ಬಳಸಬೇಡಿ. ಬಿಸಿಗೆ ಸೀಳಿದರೆ ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಮಾವ ಅವತ್ತೇ ಸುತ್ತಿಗೆಯಲ್ಲಿ ಪುಡಿ ಮಾಡಿ ಕಸಕ್ಕೆ ಹಾಕಿದರು. ಸೂರ್ಯನನ್ನು ನೋಡಲೇಬೇಕು ಅಂದರೆ ಕೊಳವೆಯ ಮುಂದಿನ ಬಾಯಿಗೇ ಪೂರ್ತಿ ಮುಚ್ಚುವ ಸರಿಯಾದ ಫಿಲ್ಟರ್ ಸಿಗುತ್ತದೆ, ಅದನ್ನು ತಗೊಳ್ಳಿ. ಎರಡು, ಇದೇ ದುಡ್ಡಿಗೆ ಇದೇ ಕನ್ನಡಿ ಇರುವ, ಸುಮ್ನೆ ಮೇಜಿನ ಮೇಲೆ ಇಟ್ಟು ತಿರುಗಿಸುವ ಡಾಬ್ಸೋನಿಯನ್ ಮಾದರಿ ಸಿಕ್ಕರೆ ಕಣ್ಮುಚ್ಚಿ ಅದನ್ನೇ ತಗೊಳ್ಳಿ. ಬೋಲ್ಟು ಕೊಯ್ಯುವ ಗೋಜಿಲ್ಲ.

ಶನಿ ಮತ್ತೆ ಬೆಳಗಿನ ಜಾವದ ಆಕಾಶಕ್ಕೆ ಬರುತ್ತಾನೆ, ಬಳೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ತೆರೆದುಕೊಳ್ಳುತ್ತದೆ, 2032ರ ಆಸುಪಾಸು ಪೂರ್ತಿ ಅಗಲ. ಅಷ್ಟು ಹೊತ್ತಿಗೆ ಮಗಳು ಡಿಗ್ರಿ ಓದುತ್ತಿರುತ್ತಾಳೆ. ಕಸ್ಟಮರ್ ಕೇರಿನವರು ಮೊನ್ನೆ ಮತ್ತೆ ಫೋನ್ ಮಾಡಿ, "ಮೇಡಂ, ಕಳಿಸಿದ ರಿಂಗ್ ಸರಿಯಾಗಿ ಕೂತಿದೆಯಾ?" ಅಂತ ಕೇಳಿದರು. ಕೂತಿದೆ ಅಂದೆ. ರಾಗಿ ಚೀಲದ ಹಗ್ಗ ಈಗ ಅದಕ್ಕೇ ಕಟ್ಟಿದ್ದೇವೆ.